ನಾಲ್ಕನೇ ನಂಬರಿನವನ ಮನೆಯಲ್ಲಿ

ನಾನು ಇಂಗ್ಲೆಂಡಿಗೆ ಹೋಗಿ ಬಂದವಳೆಂದು ತಿಳಿದ ಕೂಡಲೇ ನಮ್ಮ ಬಡಾವಣೆಯ ಹೆಂಗಸರು ರಾಣಿಯ ಅರಮನೆ ನೋಡಿದಿರಾ ಎಂದು ಕೇಳುತ್ತಾರೆ. ನೋಡಲಿಲ್ಲ. ನಾನು ಹೆಚ್ಚಾಗಿ ನೋಡಿದ್ದು ಒಂದು ಅಡುಗೆಮನೆ, ಒಂದು ಮರದ ಮೆಟ್ಟಿಲು, ಮಳೆಯಲ್ಲಿ ನೆನೆಯುತ್ತಿದ್ದ ಒಂದು ಫುಟ್‌ಬಾಲ್ ಬಯಲು. ಅಷ್ಟನ್ನೇ ಬರೆಯುತ್ತೇನೆ. ಊರಿನ ಹೆಸರನ್ನೂ ತಂಡದ ಹೆಸರನ್ನೂ ಬರೆಯುವುದಿಲ್ಲ. ಯಾಕೆಂದು ಓದಿದವರಿಗೆ ತಿಳಿಯುತ್ತದೆ. ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಕಿವಿಗೆ ಬಿದ್ದ ಹಾಗೆ ನಮ್ಮ ಮಾತಿನಲ್ಲಿ ಹಾಕಿದ್ದೇನೆ.

ಜಯನಗರ

ನಮ್ಮ ಯಜಮಾನರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವರು. ಹೆಚ್ಚಿನ ಓದಿಗೆಂದು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಕರೆ ಬಂತು. ಅಲ್ಲಿಯ ಪ್ರೊಫೆಸರು ಫುಟ್‌ಬಾಲ್ ತಂಡವೊಂದಕ್ಕೆ ಲೆಕ್ಕ ಹಾಕಿಕೊಡುತ್ತಾರಂತೆ, ಆ ಕೆಲಸ ಇವರ ಪಾಲಿಗೆ ಬಂದಿತ್ತು. ನನಗೆ ಆಗಲೇ ಅನುಮಾನ.

"ಚೆಂಡಾಡೋರಿಗೆ ಲೆಕ್ಕ ಯಾಕ್ರೀ? ಗೋಲು ಎಷ್ಟಾಯ್ತು ಅಂತ ಊರೇ ನೋಡಿರತ್ತಲ್ಲ."

"ಗೋಲಿನ ಲೆಕ್ಕ ಅಲ್ಲ ಕಣೇ. ಯಾರು ಚೆಂಡನ್ನ ಎಲ್ಲಿಂದ ಎಲ್ಲಿಗೆ ಒದ್ದ, ಅದು ತನ್ನೋರಿಗೆ ಸಿಕ್ತೋ ಎದುರಿನೋರಿಗೆ ಸಿಕ್ತೋ, ಆ ಲೆಕ್ಕ. ಅದನ್ನ ನೋಡಿ ಯಾರನ್ನ ಆಡಿಸಬೇಕು, ಯಾರನ್ನ ಕೂರಿಸಬೇಕು ಅಂತ ಗೊತ್ತು ಮಾಡ್ತಾರೆ. ಅಲ್ಲಿ ಆಟ ಅಂದ್ರೆ ನೌಕರಿ, ಸಂಬಳದ್ದು."

"ಒಬ್ಬ ಮಾಡೋದನ್ನೆಲ್ಲ ಇನ್ನೊಬ್ಬ ಕೂತು ಎಣಿಸ್ತಿದ್ರೆ ದೃಷ್ಟಿಯಾಗಲ್ವಾ?"

ನಮ್ಮ ತೌರಿನಲ್ಲಿ ಉಣ್ಣುವವರ ತಟ್ಟೆಯ ರೊಟ್ಟಿಯನ್ನು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದರು ನಮ್ಮಜ್ಜಿ.

ಇವರು ನಕ್ಕರು. "ದಿನಾ ಹಾಲಿನ ಮುನಿಯಮ್ಮನ ಚೊಂಬು ಬೋರಲು ಹಾಕಿಸೋಳು ನೀನು. ನೀನು ಮಾಡಿದ್ರೆ ಜಾಣತನ, ನಾನು ಮಾಡಿದ್ರೆ ದೃಷ್ಟಿ!"

ಮುನಿಯಮ್ಮ ಪುಟ್ಟೇನಹಳ್ಳಿಯಿಂದ ಹಸುವನ್ನೇ ನಡೆಸಿಕೊಂಡು ಬಂದು ನಮ್ಮ ಗೇಟಿನ ಮುಂದೆ ಕರೆದು ಕೊಡುತ್ತಿದ್ದಳು. ಕರೆಯುವ ಮೊದಲು ಚೊಂಬಿನಲ್ಲಿ ನೀರಿಲ್ಲವೆಂದು ಬೋರಲು ಹಾಕಿ ತೋರಿಸಬೇಕು. ಅವಳೂ ಬಿಡುವವಳಲ್ಲ. "ಸೀಮೆಗೆ ಹೋಗ್ತಿದೀರಲ್ಲ ಅಕ್ಕಾ, ಅಲ್ಲಿ ಯಾರ ಚೊಂಬು ಬೋರಲು ಹಾಕುಸ್ತೀರಾ?" ಎಂದು ಹಂಗಿಸಿಯೇ ಕಳಿಸಿದಳು.

ಹಡಗುಕಟ್ಟೆ

ಹಡಗಿನಲ್ಲಿ ನಾನು ತಿಂದದ್ದಕ್ಕಿಂತ ಮೂಸಿ ನೋಡಿ ಪಕ್ಕಕ್ಕೆ ಇಟ್ಟದ್ದೇ ಹೆಚ್ಚು. ಹುರಿಟ್ಟು ಮತ್ತು ಬಾಳೆಹಣ್ಣಿನಲ್ಲಿ ಶಿವ ನನ್ನನ್ನು ದಡ ಮುಟ್ಟಿಸಿದ.

ಇಳಿದ ಮೇಲೆ ಸುಂಕದವನು ನನ್ನ ಟ್ರಂಕು ತೆಗೆಸಿದ. ಮೇಲೇ ಇದ್ದದ್ದು ವಿಭೂತಿ ಗಟ್ಟಿ. ಕೈಗೆತ್ತಿಕೊಂಡು ಕೇಳಿದ.

"ಇದೇನಮ್ಮ?"

"ಬೂದಿ."

"ಯಾರದು?"

"ನಂದೇ."

ಆತ ವಿಭೂತಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಯಜಮಾನರು ನಡುವೆ ಬಂದು, ಇದು ಸಗಣಿ ಸುಟ್ಟು ಮಾಡಿದ್ದು, ಹಣೆಗೆ ಹಚ್ಚುವುದು ಎಂದು ವಿವರಿಸಿದರು. ಸಗಣಿ ಎಂದ ಮೇಲೆ ಅವನು ಮತ್ತೇನನ್ನೂ ಮುಟ್ಟಲಿಲ್ಲ. ಟ್ರಂಕು ಮುಚ್ಚಿ, ಹೋಗಿ ಎಂದ. ಒಳಗೆ ಸೀರೆಗಳ ನಡುವೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಇತ್ತು. ಅದು ಉಳಿಯಿತು.

ಕಲ್ಲಿದ್ದಲಿನ ಊರು

ಸ್ಟೇಷನ್ನಿಗೆ ತಂಡದ ಕಾರ್ಯದರ್ಶಿಯೇ ಕಾರು ತಂದಿದ್ದರು. ಟೋಪಿ ತೆಗೆದು, ತಲೆಬಾಗಿ, ನನ್ನ ಕೈಚೀಲ ಹಿಡಿಯಲು ಬಂದರು. ಕೊಡಲಿಲ್ಲ. ದಾರಿಯ ಮನೆಗಳ ಕಿಟಕಿಗಳಲ್ಲಿ ನಮ್ಮಂಥ ಬಣ್ಣದವರಿಗೆ ಕೋಣೆಯಿಲ್ಲ ಎಂಬ ರಟ್ಟುಗಳು ಕಾಣುತ್ತಿದ್ದವು. ಊರೇ ಬೇಡವೆನ್ನುವಾಗ ಇವರೊಬ್ಬರು ಇಷ್ಟು ಬೇಕು ಬೇಕು ಎನ್ನುವುದೇಕೆ ಎಂದು ನನ್ನ ಮನಸ್ಸು ಕುಟುಕುತ್ತಿತ್ತು.

"ನಮ್ಮ ಆಟಗಾರನ ಮನೆಯಲ್ಲೇ ನಿಮಗೆ ಕೋಣೆ. ಮನೆ ತಂಡದ್ದು. ಮನೆಯವರ ಹಾಗೇ ಇರಬಹುದು," ಎಂದರು.

ಆಟಗಾರನ ಹೆಸರು ಆರ್ಥರ್. ಬೆನ್ನಿಗೆ ನಾಲ್ಕನೇ ನಂಬರಿನ ಅಂಗಿ ತೊಟ್ಟು ಬಯಲಿನ ನಡುವೆ ಆಡುವವನು. ಅವನ ಹೆಂಡತಿ ನೋರಾ. ಮಕ್ಕಳಿಲ್ಲ. ಕೆಳಗೆ ಅಡುಗೆಮನೆ ಮತ್ತು ಬೆಂಕಿಗೂಡಿನ ಕೋಣೆ, ಮೇಲೆ ಎರಡು ಮಲಗುವ ಕೋಣೆ, ನಡುವೆ ಕಡಿದಾದ ಮರದ ಮೆಟ್ಟಿಲು.

ನೋರಾ ನನ್ನನ್ನು ಮೊದಲ ದಿನವೇ "ಲವ್" ಎಂದು ಕರೆದಳು. ಹೆಂಗಸು, ಹೋಗಲಿ ಎಂದುಕೊಂಡೆ. ಮರುದಿನ ಬಸ್ಸಿನ ಕಂಡಕ್ಟರೂ ಹಾಗೇ ಕರೆದಾಗ ಸೆರಗು ಎಳೆದುಕೊಂಡು ಇಳಿದುಬಿಟ್ಟೆ. ಆ ಸೀಮೆಯಲ್ಲಿ ನಾಯಿಗೂ ಅಜ್ಜಿಗೂ ಅದೇ ಮಾತು ಎಂದು ಆಮೇಲೆ ತಿಳಿಯಿತು. ಹಾಲಿನ ಬಾಟಲಿ ಬೆಳಗ್ಗೆಯಿಂದ ಬಾಗಿಲ ಮುಂದೆಯೇ ಕೂತಿರುತ್ತಿತ್ತು. ಯಾರೂ ಕದಿಯುತ್ತಿರಲಿಲ್ಲ. ನಾನು ಮಾತ್ರ ಮುಚ್ಚಳ ಒತ್ತಿ ನೋಡಿಯೇ ಒಳಗೆ ತರುತ್ತಿದ್ದೆ.

ನೋರಾ ಒಳ್ಳೆಯವಳು. ನನಗಾಗಿ ಮೊಟ್ಟೆಯಿಲ್ಲದ ಕೇಕು ಮಾಡಿದಳು. ಅದು ಇಟ್ಟಿಗೆಯ ಹಾಗಿತ್ತು, ಆದ್ದರಿಂದಲೇ ನಂಬಿಕೆ ಬಂತು. ಆರ್ಥರನ ಬಗ್ಗೆ ಮಾತ್ರ ನನಗೊಂದು ಕಹಿ ಇತ್ತು. ನಾವು ಮೆಟ್ಟಿಲ ಹತ್ತಿರ ಬಂದರೆ ಅವನು ಮೇಲೇ ನಿಂತುಬಿಡುವನು. "ನೀವು ಮೊದಲು ಇಳೀರಿ, ನೀವು ಮೊದಲು" ಎನ್ನುವನು. ನಾವು ಇಳಿದು, ಅಡುಗೆಮನೆ ಸೇರಿ, ಬಾಗಿಲು ಹಾಕಿದ ಮೇಲೆ ಅವನು ಬರುವನು. ಒಂದು ದಿನವೂ ನಮ್ಮ ಜೊತೆ ಇಳಿಯಲಿಲ್ಲ.

"ನಮ್ಮ ಜೊತೆ ಮೆಟ್ಟಿಲು ತುಳಿಯೋಕೂ ಅವನಿಗೆ ಹೇಸಿಗೆ ಕಣ್ರೀ," ಎಂದೆ.

"ಮರ್ಯಾದಸ್ಥ ಕಣೇ. ದಾರಿ ಬಿಡ್ತಾನೆ. ನಿನಗೆ ಅದೂ ತಪ್ಪು," ಎಂದರು ಇವರು.

ಆಟದ ಬಯಲು

ಶನಿವಾರ ಊರಿಗೆ ಊರೇ ಬಯಲಿಗೆ ಹರಿಯುತ್ತಿತ್ತು. ನಮ್ಮಲ್ಲಿ ಕಡಲೆಕಾಯಿ ಪರಿಷೆಗೆ ಜನ ಸೇರುವ ಹಾಗೆ, ಆದರೆ ಎಲ್ಲ ಗಂಡಸರೇ, ಎಲ್ಲರದೂ ಒಂದೇ ಬಣ್ಣದ ಕೋಟು. ನಾವು ಮೇಲಿನ ಮೂಲೆಯಲ್ಲಿ ಕೂರುತ್ತಿದ್ದೆವು. ಇವರ ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಚೌಕಾಬಾರದ ಮನೆಗಳ ಹಾಗೆ ಗೆರೆ ಎಳೆದ ಹಾಳೆ. ಬಯಲನ್ನೇ ಮನೆ ಮನೆಯಾಗಿ ಹಾಳೆಗೆ ಇಳಿಸಿದ್ದರು. ಚೆಂಡು ಒಬ್ಬನ ಕಾಲಿನಿಂದ ಹೊರಟ ಕೂಡಲೇ ಅವನ ನಂಬರು ಬರೆದು, ಚೆಂಡು ಹೋದ ದಿಕ್ಕಿಗೆ ಒಂದು ಗೆರೆ. ತನ್ನವರಿಗೆ ಸಿಕ್ಕರೆ ನೆಟ್ಟಗಿನ ಗೆರೆ, ಕಳೆದುಹೋದರೆ ತುದಿಗೆ ಒಂದು ಕತ್ತರಿ ಗುರುತು.

ಚಳಿಗೆ ಇವರ ಬೆರಳು ಮರಗಟ್ಟಿದವು. ನಾನು ಪೆನ್ಸಿಲ್ ತೆಗೆದುಕೊಂಡೆ, ಇವರು ಹೇಳುತ್ತಾ ಹೋದರು. ಅಭ್ಯಾಸಬಲದಿಂದ ನಾನು ಕನ್ನಡದ ಅಂಕಿಯಲ್ಲೇ ಬರೆದೆ. ಹಿಂದೆ ಕೂತಿದ್ದ ಮುದುಕನೊಬ್ಬ ಬಗ್ಗಿ ನೋಡಿ, "ಯಾವ ತಂಡ ಕಳಿಸಿದ್ದು ನಿಮ್ಮನ್ನ? ಇದ್ಯಾವ ಗುಪ್ತಲಿಪಿ?" ಎಂದು ಗದರಿದ. ಅನುಮಾನದಲ್ಲಿ ಅವನು ನನಗೆ ಅಣ್ಣನೇ ಆಗಬೇಕು. ಇವರು ಕಾರ್ಯದರ್ಶಿಯ ಚೀಟಿ ತೋರಿಸಿದ ಮೇಲೆ ಸುಮ್ಮನಾದ.

ವಿರಾಮದ ತನಕ ನಾಲ್ಕನೇ ನಂಬರಿನ ಗೆರೆಗಳು ಎಲ್ಲ ಕಡೆಗೂ ಹರಡಿದ್ದವು. ಆಮೇಲೆ ಇವರ ದನಿ ಬದಲಾಯಿತು.

"ನಾಲ್ಕು, ಹಿಂದಕ್ಕೆ. ನಾಲ್ಕು, ಬಲಕ್ಕೆ. ನಾಲ್ಕು, ಕಳ್ಕೊಂಡ. ಅಲ್ಲ, ಎಡಗಡೆ ಅಷ್ಟು ಜಾಗ ಇದ್ಯಲ್ಲಪ್ಪಾ! ಕೊಡೋ ಎಡಕ್ಕೆ!"

ತಂಡ ಸೋತಿತು. ಜನ ಆರ್ಥರನ ಹೆಸರು ಹಿಡಿದು ಬೈದರು. ಮಾರನೆಯ ದಿನ ಇವರು ಹಿಂದಿನ ಆಟಗಳ ಹಾಳೆಗಳನ್ನೂ ಮಂಚದ ಮೇಲೆ ಹಾಸಿದರು. ಎಲ್ಲದರಲ್ಲೂ ಅದೇ. ವಿರಾಮದ ನಂತರ ನಾಲ್ಕನೆಯವನ ಎಡಗಡೆ ಮನೆಗಳು ಖಾಲಿ.

"ತಂಡದವರಿಗೆ ಹೇಳಿಬಿಟ್ರಾ?"

"ಹಾಳೆ ಕೊಟ್ಟೆ. ಬೇರೆ ಹೇಳೋದೇನಿದೆ?"

ಕೆಳಗೆ ನೋರಾ ನಮಗಾಗಿ ರೊಟ್ಟಿ ಸುಡುತ್ತಿದ್ದಳು. ಅವಳ ಗಂಡನ ಕತ್ತರಿ ಗುರುತುಗಳನ್ನು ನನ್ನ ಕೈಯಾರೆ ಹಾಕಿದ್ದೆ. ಅವತ್ತು ನನ್ನ ಪಾಲಿನ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಬೆಂಕಿಗೂಡು

ಆಮೇಲಿನ ಶನಿವಾರಗಳಲ್ಲೂ ಬರೆದವಳು ನಾನೇ, ನಡುವೆ ಒಂದು ವಾರ ಮಾತ್ರ ಹಿಮ ಬಿದ್ದು ಆಟ ನಿಂತಿತ್ತು. ದೃಷ್ಟಿಯೇ ಎಂದು ನನಗೆ ಖಚಿತವಾಯಿತು. ಸಾವಿರಾರು ಕಣ್ಣು, ಅದರ ಮೇಲೆ ನಮ್ಮ ಪೆನ್ಸಿಲು. ನಾವು ಹಾಕಿದ ಕಣ್ಣನ್ನು ನಾವೇ ತೆಗೆಯಬೇಕಲ್ಲ?

ಒಂದು ಮಧ್ಯಾಹ್ನ ಆರ್ಥರ್ ಮೇಲೆ ಮಲಗಿದ್ದ. ನೋರಾ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಳು. ಇವರು ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಬೆಂಕಿಗೂಡಿನ ಮುಂದೆ ಅವನ ಆಟದ ಬೂಟುಗಳು ಒಣಗುತ್ತಿದ್ದವು. ಆಳನ್ನೇ ಕೂರಿಸಿ ನೀವಾಳಿಸಲಾಗದಿದ್ದರೆ ಅವರು ತೊಟ್ಟದ್ದಕ್ಕೆ ನೀವಾಳಿಸಿದರೂ ಆಗುತ್ತದೆ. ಒಂದು ಹಿಡಿ ಮೆಣಸಿನಕಾಯಿ, ಒಂದು ಹಿಡಿ ಉಪ್ಪು ತೆಗೆದುಕೊಂಡು, ಕಂಡವರ ಕಣ್ಣು, ಕಾಣದವರ ಕಣ್ಣು, ನಮ್ಮವರ ಕಣ್ಣು ಎಂದು ಬೂಟುಗಳ ಸುತ್ತ ತಿರುಗಿಸಿ ಕೆಂಡಕ್ಕೆ ಸುರಿದೆ.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಅಯ್ಯೋ ಶಿವನೇ, ಎಂಥಾ ಘಾಟು! ನಮ್ಮ ಅಡುಗೆಮನೆಗಳಲ್ಲಿ ಹೆಂಚಿನ ಸಂದಿಯಿದೆ, ಬೆಳಕಿಂಡಿಯಿದೆ. ಅಲ್ಲಿ ಚಳಿಗೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕಿರುತ್ತಾರೆ. ಕ್ಷಣದಲ್ಲಿ ಮನೆ ತುಂಬಿತು. ನೋರಾ ಕೆಮ್ಮುತ್ತಾ ಬೀದಿಗೆ ಓಡಿದಳು. ಪಕ್ಕದ ಮನೆಯವನು ಬಕೆಟ್ ನೀರು ಹಿಡಿದು ಬಂದವನು ಹೊಸ್ತಿಲಲ್ಲೇ ಸೀನುತ್ತಾ ಕೂತ. "ಆರ್ಥರ್! ಇಳಿದು ಬಾ! ಬೇಗ!" ಎಂದು ನೋರಾ ಕೂಗುತ್ತಿದ್ದಳು.

ನಾನು ಬಾಗಿಲಿಂದ ತಿರುಗಿ ನೋಡಿದೆ. ಬಯಲಿನಲ್ಲಿ ಓಡುವುದಕ್ಕೇ ಸಂಬಳ ತೆಗೆದುಕೊಳ್ಳುವ ಗಂಡಸು ಆ ಹೊಗೆಯಲ್ಲಿ ಎರಡೂ ಕೈಯಲ್ಲಿ ಕಟಕಟೆ ಹಿಡಿದು, ಅಡ್ಡಡ್ಡಲಾಗಿ, ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಬಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ನಿಂತು, ಮತ್ತೆ ಎಡಗಾಲು ಇಳಿಬಿಡುತ್ತಿದ್ದ. ನಡೆಯಲು ಕಲಿಯುವ ಕೂಸಿನ ಹಾಗೆ. ಕೆಮ್ಮುತ್ತಿದ್ದರೂ ಬೇಗ ಇಳಿಯಲಾರ.

ನಮ್ಮ ಕಣ್ಣುಗಳು ಕೂಡಿದವು.

ಹೊಗೆ ಹೋದ ಮೇಲೆ ನಾನು ಕ್ಷಮೆ ಕೇಳಿದೆ, ಯಾಕೆ ಸುಟ್ಟೆನೆಂದೂ ಹೇಳಿದೆ. ನೋರಾ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು, "ಹಾಗಾದರೆ ನಿಮ್ಮ ಲೆಕ್ಕದಲ್ಲಿ ಯಾರ ಕಣ್ಣೂ ಬಿದ್ದಿಲ್ಲ?"

"ಇಲ್ಲ. ಇದು ಮಂಡಿ," ಎಂದೆ.

ಆರ್ಥರ್ ತಲೆ ತಗ್ಗಿಸಿದ. ಎಡಮಂಡಿಯಂತೆ. ಆಡುತ್ತಾ ಆಡುತ್ತಾ ಬಾತು, ವಿರಾಮದ ಹೊತ್ತಿಗೆ ಅದನ್ನು ಊರಿ ತಿರುಗಲಾಗುವುದಿಲ್ಲ. ಎಡಕ್ಕೆ ಚೆಂಡು ಒದೆಯಬೇಕಾದರೆ ಎಡಗಾಲ ಮೇಲೇ ಭಾರ ಹಾಕಬೇಕು. ತಂಡಕ್ಕೆ ಗೊತ್ತಾದರೆ ಜಾಗ ಹೋಗುತ್ತದೆ, ಜಾಗದ ಜೊತೆಗೆ ಈ ಮನೆಯೂ ಹೋಗುತ್ತದೆ.

"ನೀವೇನೂ ನೋಡಲಿಲ್ಲ. ನಿಮ್ಮ ಗಂಡನಿಗೂ ಹೇಳಬೇಡಿ. ಮಾತು ಕೊಡಿ," ಎಂದ.

ಕತ್ತಿನ ಲಿಂಗ ಮುಟ್ಟಿಕೊಂಡು ಮಾತು ಕೊಟ್ಟೆ. ಹೇಸಿಗೆಯಿಂದಲ್ಲ ಅವನು ಮೇಲೆ ನಿಲ್ಲುತ್ತಿದ್ದದ್ದು.

ಕಾರ್ಯದರ್ಶಿಯ ಮನೆ

ಮುಂದಿನ ವಾರ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಚಹಾಕ್ಕೆ ಕರೆದರು. ಬೆಳ್ಳಿ ಇಕ್ಕುಳದಲ್ಲಿ ಸಕ್ಕರೆ ಎತ್ತಿ ಹಾಕುವ ಮನೆ. ಇವರನ್ನು ಪುಸ್ತಕಗಳ ಕೋಣೆಗೆ ಯಾರೋ ಕರೆದುಕೊಂಡು ಹೋದರು. ನನ್ನ ಪಕ್ಕಕ್ಕೆ ಕಾರ್ಯದರ್ಶಿಗಳು ಕುರ್ಚಿ ಎಳೆದುಕೊಂಡರು.

"ಮನೆಯಲ್ಲಿ ಆರ್ಥರ್ ಹೇಗಿರುತ್ತಾನೆ?"

"ಚೆನ್ನಾಗಿರ್ತಾರೆ."

"ಅವನನ್ನ ನೋಡೋಕೆ ಯಾರಾದರೂ ಬರ್ತಾರಾ?"

"ಬರ್ತಾರೆ. ಹಾಲಿನವನು."

ಅವರು ನಕ್ಕರು, ಕಣ್ಣು ನಗಲಿಲ್ಲ. "ಮತ್ತೆ?"

"ಕಲ್ಲಿದ್ದಲಿನವನು."

ಆಗ ಅವರು ನಗುವುದನ್ನು ಬಿಟ್ಟು, ದನಿ ತಗ್ಗಿಸಿ ಹೇಳಿದರು. ಹಣ ಕೊಟ್ಟು ಆಟ ಸೋಲಿಸುವ ಜನ ಇದ್ದಾರೆ. ನನ್ನ ಗಂಡನ ಹಾಳೆಗಳು ಸ್ಪಷ್ಟವಾಗಿವೆ. ಬರುವ ಸೋಮವಾರ ಆಡಳಿತದವರ ಸಭೆ. ಮಾರಿಕೊಂಡವನೆಂದು ತೀರ್ಮಾನವಾದರೆ ಅವನು ಈ ದೇಶದ ಯಾವ ಬಯಲಿಗೂ ಕಾಲಿಡುವಂತಿಲ್ಲ. ಅವನ ಹೆಸರು ಪತ್ರಿಕೆಗೆ ಹೋಗುತ್ತದೆ. "ನಿಮಗೆ ಆ ಮನೆಯಲ್ಲಿ ಕೋಣೆ ಕೊಟ್ಟದ್ದಕ್ಕೆ ನೀವು ಒಂದಿಷ್ಟು ಸಹಾಯ ಮಾಡ್ತೀರಿ ಅಂದುಕೊಂಡಿದ್ದೆ."

ಸ್ಟೇಷನ್ನಿನಲ್ಲಿ ಕುಟುಕಿದ ಅನುಮಾನಕ್ಕೆ ಆಗ ಉತ್ತರ ಸಿಕ್ಕಿತು. ಬಯಲಿನಲ್ಲಿ ಎಣಿಸಲು ನನ್ನ ಗಂಡ, ಮನೆಯಲ್ಲಿ ಎಣಿಸಲು ನಾನು. ಮಂಡಿಯ ಮಾತು ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಹೇಳಿದರೆ ಅವನ ಮಾನ ಉಳಿದೀತು, ಆದರೆ ನಾನು ಲಿಂಗ ಮುಟ್ಟಿದವಳು. ಚಹಾ ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟೆ.

"ನಮ್ಮ ಕಡೆ ಉಂಡ ಮನೆಯ ಮಾತು ಹೊರಗೆ ಆಡಲ್ಲ," ಎಂದೆ.

"ಆಡುವಂಥ ಮಾತು ಇದೆ ಅಂತಾಯ್ತು," ಎಂದರು ಅವರು.

ನಾನು ಬಾಯಿ ತೆರೆದದ್ದೇ ತಪ್ಪಾಯಿತು.

ಹಿತ್ತಲು

ಸೋಮವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಮರುದಿನ ನೋರಾ ಮತ್ತು ನಾನು ಹಿತ್ತಲಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿದ್ದೆವು, ಒಂದು ತುದಿ ಅವಳದು, ಒಂದು ತುದಿ ನನ್ನದು. ಅವನ ಗುಟ್ಟನ್ನು ಹೊರಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಹೊರಗಿನವರ ಗುಟ್ಟನ್ನು ಅವನ ಮನೆಗೆ ಹೇಳುವುದಿಲ್ಲವೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ.

"ನೋರಾ, ಅವರು ನಿಮ್ಮ ಯಜಮಾನರನ್ನ ಸೋಮಾರಿ ಅಂದುಕೊಂಡಿಲ್ಲ. ಕಳ್ಳ ಅಂದುಕೊಂಡಿದಾರೆ."

ಎಲ್ಲ ಹೇಳಿದೆ. ಅವಳ ಕೈಯಿಂದ ಬಟ್ಟೆ ಜಾರಿ ಮಸಿನೆಲಕ್ಕೆ ಬಿತ್ತು.

"ಆರ್ಥರ್? ಹಣಕ್ಕೆ? ಬೂಟಿನ ದಾರ ಹರಿದರೆ ಗಂಟು ಹಾಕಿ ಕಟ್ಟುವವನು!"

ಸಂಜೆ ನಾವು ಊಟಕ್ಕೆ ಕೂತಾಗ ಆರ್ಥರ್ ಕೂರಲಿಲ್ಲ. ಇವರ ಮುಂದೆ ನಿಂತ.

"ನನ್ನ ಮೇಜಿನಲ್ಲಿ ಉಂಡು, ನನ್ನ ಮೇಲೆ ಗುರುತು ಹಾಕಿ, ಅವರ ಕೈಗೆ ಕೊಟ್ಟಿರಿ."

ಇವರಿಗೆ ಏನೂ ಗೊತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತು. "ಚೆಂಡು ಎಲ್ಲಿಗೆ ಹೋಯಿತು ಅಂತ ಬರೆದೆ. ಯಾಕೆ ಅಂತ ನನಗೆ ಗೊತ್ತಿರಲಿಲ್ಲ."

"ಕೇಳಬಹುದಿತ್ತು. ನಾನು ಗೋಡೆಯ ಆಚೆಗೇ ಮಲಗೋದು."

 ಆರ್ಥರ್ ಷರಾಯಿ ಮೇಲೆತ್ತಿ ಮಂಡಿ ತೋರಿಸಿದ. ಬೂದುಗುಂಬಳದಂತೆ ಊದಿತ್ತು. ಇವರು ಬಹಳ ಹೊತ್ತು ನೋಡಿ, ತಟ್ಟನೆ ಎದ್ದು ಮೇಲಕ್ಕೆ ಓಡಿ, ಹಾಳೆಗಳ ಸುರುಳಿ ತಂದು ನೆಲದ ಮೇಲೆ ಹರಡಿದರು.

"ನಡುವೆ ಒಂದು ವಾರ ಹಿಮ ಬಿದ್ದು ಆಟ ನಿಂತಿತ್ತಲ್ಲ? ಅದರ ಮುಂದಿನ ಆಟದ ಹಾಳೆ ಎಲ್ಲಿ? ಇದು. ನೋಡೇ, ನಿನ್ನ ಅಂಕಿಗಳೇ."

ನೋಡಿದೆ. ಆ ಒಂದು ಹಾಳೆಯಲ್ಲಿ ವಿರಾಮದ ನಂತರವೂ ನಾಲ್ಕನೆಯವನ ಗೆರೆಗಳು ಎಡಕ್ಕೆ ಹರಿದಿದ್ದವು. ಮುಂದಿನದರಲ್ಲಿ ತೆಳುವಾಗಿ, ಅದರ ಮುಂದಿನದರಲ್ಲಿ ಮತ್ತೆ ಖಾಲಿ.

"ಹಣ ತಗೊಂಡೋನು ಹಿಮ ಬಿತ್ತು ಅಂತ ಹುಷಾರಾಗಲ್ಲ," ಎಂದರು ಇವರು. "ಮಂಡಿ ಆಗತ್ತೆ. ಸೋಮವಾರ ನಾನೂ ಬರ್ತೀನಿ. ಆದರೆ ಮಂಡಿ ತೋರಿಸಲೇಬೇಕು. ಅದಿಲ್ಲದೆ ಈ ಹಾಳೆಗೆ ಬಾಯಿಲ್ಲ."

ಆರ್ಥರ್ ನೋರಾಳ ಕಡೆ ನೋಡಿದ. ಅವಳು ಗೋಡೆಯನ್ನೂ ಒಲೆಯನ್ನೂ ಮೆಟ್ಟಿಲನ್ನೂ ಒಂದು ಸುತ್ತು ನೋಡಿ, "ಮನೆ ಹೋದರೆ ಹೋಗಲಿ," ಎಂದಳು.

ಮೆಟ್ಟಿಲು

ಸೋಮವಾರ ಇಬ್ಬರೂ ಹೋದರು. ನಾನು ಪೂಜೆಗೆ ಕೂತೆ. ನೋರಾ ನನ್ನ ಹಿಂದೆ ಬಂದು ಸುಮ್ಮನೆ ಕುಳಿತಳು.

ಮಾನ ಉಳಿಯಿತು, ಜಾಗ ಹೋಯಿತು. ವೈದ್ಯರು ಮಂಡಿಯನ್ನು ಕೊಯ್ದು ಸರಿಪಡಿಸಬೇಕೆಂದರು. ಆ ಖರ್ಚು ತಂಡದ್ದು. ಆಮೇಲೆ ಆಡಬಹುದೋ ಇಲ್ಲವೋ ಯಾರೂ ಹೇಳಲಿಲ್ಲ. ಬೇಸಿಗೆಯೊಳಗೆ ಮನೆ ಬಿಡಬೇಕು. ಕಾರ್ಯದರ್ಶಿಗಳು ತಪ್ಪಾಯಿತೆನ್ನಲಿಲ್ಲ, ಒಂದು ಬುಟ್ಟಿ ಹಣ್ಣು ಕಳಿಸಿದರು. ಅದನ್ನು ನಾನು ಎರಡು ಸಲ ತೊಳೆದೆ.

ಇವರು ಲೆಕ್ಕದ ಕೆಲಸ ಬಿಡಲಿಲ್ಲ. ಅದೇ ಅವರ ವಿದ್ಯೆ. ಆದರೆ ಆಮೇಲಿನ ಶನಿವಾರಗಳಲ್ಲಿ, ಪೆನ್ಸಿಲ್ ತೆಗೆಯುವ ಮುಂಚೆ, ಆಟಗಾರರು ಒಳಗಿನಿಂದ ಮೆಟ್ಟಿಲಿಳಿದು ಬಯಲಿಗೆ ಬರುವುದನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. 

ಕೊಯ್ತದ ನಂತರ ನೋಡಿಕೊಳ್ಳಲು ನೋರಾಳ ತಾಯಿ ಬರುವವರಿದ್ದರು, ಅವರಿಗೆ ನಮ್ಮ ಕೋಣೆ ಬೇಕಾಗಿತ್ತು. ವಿಶ್ವವಿದ್ಯಾಲಯದವರು ನಮಗೆ ಬೇರೆ ಕೋಣೆ ಹುಡುಕಿದರು. ಹೊರಡುವ ದಿನ ನೋರಾ ಒಂದು ಪೊಟ್ಟಣ ಮೆಣಸಿನಕಾಯಿ ಕೇಳಿದಳು. "ಮುಂದೆ ಈ ಮನೆಗೆ ಬರುವವರ ಮೇಲೆ ಕಾರ್ಯದರ್ಶಿಯ ಕಣ್ಣು ಬಿದ್ದರೆ ಬೇಕಾಗುತ್ತದೆ ಲವ್," ಎಂದು ಕಣ್ಣು ಮಿಟುಕಿಸಿದಳು. ಕೊಟ್ಟೆ, ಕಿಟಕಿ ತೆರೆದು ಸುಡು ಎಂದೂ ಹೇಳಿದೆ.

ಟ್ರಂಕು ಕಾರಿಗೆ ಹೋಗಿತ್ತು. ಪೂಜೆಯ ಪೆಟ್ಟಿಗೆ ಮಾತ್ರ ಮೇಲೆ ಉಳಿದಿತ್ತು. ನಾನು ಹತ್ತುವ ಮೊದಲೇ ಮೇಲಿದ್ದ ಆರ್ಥರ್ ಅದನ್ನು ಎತ್ತಿ ಎದೆಗೆ ಅವಚಿಕೊಂಡು ಮೆಟ್ಟಿಲ ತುದಿಗೆ ಬಂದ. ಕೆಳಗೆ ನಾವು, ನೋರಾ, ಬಾಗಿಲಲ್ಲಿ ಕಾರಿನವನು. ಅವನು ನಮ್ಮೆಲ್ಲರನ್ನೂ ನೋಡಿದ. ನೀವು ಹೊರಗಿರಿ ಎನ್ನಲಿಲ್ಲ.

ಒಂದು ಕೈಯಲ್ಲಿ ಕಟಕಟೆ ಹಿಡಿದು, ಅಡ್ಡ ತಿರುಗಿ, ಎಡಗಾಲು ಇಳಿಬಿಟ್ಟ. ಬಲಗಾಲನ್ನು ಪಕ್ಕಕ್ಕೆ ತಂದ. ನಿಂತ. ಮತ್ತೆ ಎಡಗಾಲು. ಕಾರಿನವನು ಗಡಿಯಾರ ನೋಡಿಕೊಂಡದ್ದಕ್ಕೆ ನೋರಾ ಅವನನ್ನು ದುರುಗುಟ್ಟಿ ನೋಡಿದಳು. ನಾನು ಕೈ ಚಾಚಲಿಲ್ಲ, ಬೇಗ ಎನ್ನಲಿಲ್ಲ. ಅವನು ಇಳಿದು ಮುಗಿಸುವ ತನಕ ನಾವೆಲ್ಲರೂ ಕೆಳಗೆ ನಿಂತೇ ಇದ್ದೆವು.